ಹೊರಕಟ್ಟಡದ ಕಚೇರಿಗೆ ಮನೆಯ ಅಂತರ್ಜಾಲ: ತಂತಿ ಎಳೆಯುವ ಮುನ್ನ ಸಿಡಿಲನ್ನೂ ಲೆಕ್ಕ ಹಾಕಿ

ಮನೆಯ ಅಂಗಳದಾಚೆ, ಹಿತ್ತಿಲಿನಲ್ಲಿ ಅಥವಾ ಗೇಟಿನ ಪಕ್ಕದಲ್ಲಿರುವ ಪ್ರತ್ಯೇಕ ಕಟ್ಟಡವನ್ನು ಕಚೇರಿಯಾಗಿ ಬಳಸುವುದು ರಾಜ್ಯದಲ್ಲಿ ಹೊಸ ಪದ್ಧತಿಯೇನಲ್ಲ. ವಕೀಲರು, ಲೆಕ್ಕಪರಿಶೋಧಕರು, ವೈದ್ಯರು, ಮನೆಪಾಠ ಹೇಳುವ ಶಿಕ್ಷಕರು ಬಹುಕಾಲದಿಂದ ಹೀಗೆಯೇ ಕೆಲಸ ಮಾಡಿಕೊಂಡು ಬಂದಿದ್ದಾರೆ. 2020ರ ಮಾರ್ಚ್‌ನಲ್ಲಿ ಕೊರೊನಾ ಲಾಕ್‌ಡೌನ್ ಜಾರಿಯಾದ ಬಳಿಕ ಈ ಸಾಲಿಗೆ ಸಾಫ್ಟ್‌ವೇರ್ ಉದ್ಯೋಗಿಗಳೂ ಸೇರಿದರು. ಬೆಂಗಳೂರಿನಿಂದ ಮಲೆನಾಡು, ಕರಾವಳಿಯ ಊರುಗಳಿಗೆ ಮರಳಿದವರಲ್ಲಿ ಕೆಲವರು ಹಳೆಯ ಕೊಟ್ಟಿಗೆಯನ್ನೋ ಅಡಿಕೆ ತುಂಬುವ ಕೋಣೆಯನ್ನೋ ದುರಸ್ತಿ ಮಾಡಿಸಿ ಕಚೇರಿಯಾಗಿಸಿಕೊಂಡರು.

ಇಂತಹ ಕಟ್ಟಡಗಳಲ್ಲಿ ಎದುರಾಗುವ ತೊಂದರೆ ಒಂದೇ ಬಗೆಯದು. ಅಂತರ್ಜಾಲ ಸಂಪರ್ಕ ಮನೆಯ ಒಳಗಿದೆ, ಕೆಲಸ ಮಾಡುವ ಮೇಜು ಮನೆಯ ಹೊರಗಿದೆ. ನಡುವಿನ ಅಂತರ 20 ಮೀಟರ್ ಇರಬಹುದು, 80 ಮೀಟರ್ ಇರಬಹುದು. ಇದನ್ನು ದಾಟಿಸಲು ಹೆಚ್ಚಿನವರು ಹಿಡಿಯುವ ಹಾದಿ ಅಂಗಡಿಯಿಂದ ಒಂದು ಸುರುಳಿ ನೆಟ್‌ವರ್ಕ್ ಕೇಬಲ್ ತಂದು ಮರದಿಂದ ಮರಕ್ಕೆ ಕಟ್ಟಿ ಎಳೆಯುವುದು. ಅದು ಕೆಲಸ ಮಾಡುತ್ತದೆ ಎಂಬುದರಲ್ಲಿ ಸಂಶಯವಿಲ್ಲ. ಆದರೆ ಎರಡು ಕಟ್ಟಡಗಳ ನಡುವೆ ಎಳೆದ ಲೋಹದ ತಂತಿ ದತ್ತಾಂಶವನ್ನಷ್ಟೇ ಒಯ್ಯುವುದಿಲ್ಲ, ಸಿಡಿಲಿನ ಆಘಾತವನ್ನೂ ಒಯ್ಯಬಲ್ಲದು. ಸಿಡಿಲು ಹೆಚ್ಚಿರುವ ನಮ್ಮ ನಾಡಿನಲ್ಲಿ ಕಟ್ಟಡದಿಂದ ಕಟ್ಟಡಕ್ಕೆ ತಾಮ್ರಕ್ಕಿಂತ ಆಪ್ಟಿಕಲ್ ಫೈಬರ್ ಎಂಬ ಗಾಜಿನ ಎಳೆಯೇ ಸೂಕ್ತ. ಅದರ ಕಾರಣ, ಪರ್ಯಾಯ ಮಾರ್ಗಗಳು ಹಾಗೂ ಎರಡೂ ತುದಿಗಳ ಜೋಡಣೆಯ ವಿವರ ಇಲ್ಲಿದೆ.

ಮೊದಲು ಸ್ಥಳದ ಅಳತೆ

ಸಾಮಗ್ರಿ ಖರೀದಿಗೆ ಮುನ್ನ ನಾಲ್ಕು ಸಂಗತಿಗಳನ್ನು ಕಾಗದದ ಮೇಲೆ ಬರೆದುಕೊಳ್ಳುವುದು ಒಳ್ಳೆಯದು. ಒಂದು, ರೂಟರ್ ಇರುವ ಜಾಗದಿಂದ ಕಚೇರಿಯ ಮೇಜಿನವರೆಗಿನ ನಿಜವಾದ ದಾರಿಯ ಉದ್ದ. ನೇರ ಅಂತರವನ್ನಲ್ಲ, ಗೋಡೆ ಹತ್ತಿ ಇಳಿಯುವ ಹಾಗೂ ಮೂಲೆ ಸುತ್ತುವ ಉದ್ದವನ್ನೂ ಸೇರಿಸಿ ಅಳೆಯಬೇಕು. ಎರಡು, ಎರಡೂ ಕಟ್ಟಡಗಳಿಗೆ ವಿದ್ಯುತ್ ಒಂದೇ ಮೀಟರಿನಿಂದ ಬರುತ್ತಿದೆಯೇ, ಬೇರೆ ಬೇರೆ ಮೀಟರುಗಳಿವೆಯೇ ಎಂಬುದು. ಮೂರು, ಹೊರಕಟ್ಟಡಕ್ಕೆ ಪ್ರತ್ಯೇಕ ಅರ್ಥಿಂಗ್, ಅಂದರೆ ಭೂಸಂಪರ್ಕ, ಇದೆಯೇ ಎಂಬುದು. ನಾಲ್ಕು, ನಡುವಿನ ಜಾಗದಲ್ಲಿ ವಾಹನ ಓಡಾಡುತ್ತದೆಯೇ, ಮರಗಳಿವೆಯೇ, ನೀರಿನ ಪೈಪ್ ಹಾಗೂ ವಿದ್ಯುತ್ ಕೇಬಲ್ ಎಲ್ಲಿ ಹಾದುಹೋಗಿವೆ ಎಂಬುದು.

ಎಷ್ಟು ವೇಗ ಬೇಕು ಎಂಬುದನ್ನೂ ಮೊದಲೇ ತೀರ್ಮಾನಿಸಬೇಕು. ಒಬ್ಬರು ವೀಡಿಯೊ ಸಭೆಯಲ್ಲಿ ಭಾಗವಹಿಸಲು ಮೂರು-ನಾಲ್ಕು ಎಂಬಿಪಿಎಸ್ ಸಾಕು. ವೀಡಿಯೊ ಸಂಕಲನ, ಎಕ್ಸ್-ರೇ ಅಥವಾ ಕಟ್ಟಡ ನಕ್ಷೆಗಳಂತಹ ದೊಡ್ಡ ಕಡತಗಳ ರವಾನೆ, ಮನೆಯಲ್ಲಿಟ್ಟ ಸಂಗ್ರಹ ಸಾಧನದಿಂದ ನೇರ ಕೆಲಸ ಇವೆಲ್ಲ ಇದ್ದರೆ ಮಾತ್ರ ಗಿಗಾಬಿಟ್ ವೇಗದ ಪ್ರಶ್ನೆ ಬರುತ್ತದೆ. ಆದರೆ ಸಾಮಾನ್ಯ ಕಚೇರಿಗೆ ಗರಿಷ್ಠ ವೇಗಕ್ಕಿಂತ ಸ್ಥಿರತೆಯೇ ಮುಖ್ಯ. ಗಂಟೆಗೊಮ್ಮೆ ಕಡಿದುಹೋಗುವ 300 ಎಂಬಿಪಿಎಸ್ ಸಂಪರ್ಕಕ್ಕಿಂತ ದಿನವಿಡೀ ನಿಲ್ಲುವ 50 ಎಂಬಿಪಿಎಸ್ ಸಂಪರ್ಕ ಉಪಯುಕ್ತ.

ಮನೆಯ ವೈಫೈ ಏಕೆ ತಲುಪುವುದಿಲ್ಲ?

ವೈಫೈ ರೂಟರಿನ ಪೆಟ್ಟಿಗೆಯ ಮೇಲೆ ಬರೆದಿರುವ ವ್ಯಾಪ್ತಿ ಅಡೆತಡೆಯಿಲ್ಲದ ಬಯಲಿನ ಲೆಕ್ಕ. ಹೊರಕಟ್ಟಡವನ್ನು ಮುಟ್ಟಲು ಸಂಕೇತವು ಮನೆಯ ಎರಡು ಮೂರು ಗೋಡೆಗಳನ್ನೂ ಕಚೇರಿಯ ಗೋಡೆಯನ್ನೂ ದಾಟಬೇಕಾಗುತ್ತದೆ. ಕರಾವಳಿಯ ದಪ್ಪ ಕೆಂಪುಕಲ್ಲಿನ ಗೋಡೆ, ಕಬ್ಬಿಣ ತುಂಬಿದ ಕಾಂಕ್ರೀಟು, ತಗಡಿನ ಛಾವಣಿ, ರೋಲಿಂಗ್ ಶಟರ್, ನೀರಿನ ಟ್ಯಾಂಕ್ ಇವೆಲ್ಲ ಸಂಕೇತವನ್ನು ಹೀರುತ್ತವೆ ಅಥವಾ ಹಿಂದಕ್ಕೆ ತಳ್ಳುತ್ತವೆ. 2.4 ಗಿಗಾಹರ್ಟ್ಸ್ ತರಂಗವು 5 ಗಿಗಾಹರ್ಟ್ಸ್ ತರಂಗಕ್ಕಿಂತ ಗೋಡೆಗಳನ್ನು ಚೆನ್ನಾಗಿ ದಾಟುತ್ತದೆ. ಆದರೆ ಅದರಲ್ಲಿ ಪರಸ್ಪರ ಮೇಲೆ ಬೀಳದ ಚಾನಲ್‌ಗಳು 1, 6 ಮತ್ತು 11 ಎಂಬ ಮೂರು ಮಾತ್ರ. ನಗರದ ಬಡಾವಣೆಗಳಲ್ಲಿ ಅವು ನೆರೆಮನೆಯವರ ರೂಟರ್‌ಗಳಿಂದಲೇ ತುಂಬಿರುತ್ತವೆ.

ರೂಟರಿನ ಶಕ್ತಿ ಹೆಚ್ಚಿಸಿದರೆ ಸಾಕು ಎಂಬ ನಂಬಿಕೆಯೂ ಪೂರ್ಣ ಸರಿಯಲ್ಲ. ಸಂವಹನ ಎರಡು ಕಡೆಯದು. ರೂಟರ್ ಗಟ್ಟಿಯಾಗಿ ಕೂಗಿದರೂ ಕಚೇರಿಯಲ್ಲಿರುವ ಮೊಬೈಲು, ಲ್ಯಾಪ್‌ಟಾಪ್‌ಗಳ ಕ್ಷೀಣ ದನಿ ಅದಕ್ಕೆ ಕೇಳಿಸಬೇಕಲ್ಲವೇ? ಪರದೆಯ ಮೇಲೆ ಸಿಗ್ನಲ್ ಗೆರೆಗಳು ತುಂಬಿದ್ದರೂ ಪುಟ ತೆರೆಯದಿರುವುದಕ್ಕೆ ಬಹುತೇಕ ಇದೇ ಕಾರಣ.

ಅಂಗಡಿಗಳಲ್ಲಿ ಸಿಗುವ ವೈಫೈ ರಿಪೀಟರ್ ಬಂದ ಸಂಕೇತವನ್ನು ಅದೇ ರೇಡಿಯೊದಿಂದ ಮತ್ತೆ ಬಿತ್ತರಿಸುವುದಾದರೆ ವೇಗ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಒಂದೇ ರೇಡಿಯೊ ಕೇಳುವುದನ್ನೂ ಹೇಳುವುದನ್ನೂ ಸರದಿಯಲ್ಲಿ ಮಾಡಬೇಕಾದುದರಿಂದ ಈ ನಷ್ಟ ಅನಿವಾರ್ಯ. ಮೆಶ್ ಸಾಧನಗಳಲ್ಲಿ ಈ ಕೆಲಸಕ್ಕೆ ಪ್ರತ್ಯೇಕ ರೇಡಿಯೊ ಇದ್ದರೆ ನಷ್ಟ ಕಡಿಮೆ. ಹತ್ತು ಹದಿನೈದು ಮೀಟರ್ ಅಂತರದಲ್ಲಿ, ಕಿಟಕಿಗೆ ಕಿಟಕಿ ಎದುರಾಗಿದ್ದರೆ, ಮೆಶ್ ಸಾಕಾಗಬಹುದು. ಅದಕ್ಕಿಂತ ದೂರದ ಅಥವಾ ಗೋಡೆಗಳ ಮರೆಯ ಕಟ್ಟಡಕ್ಕೆ ಬೇರೆ ದಾರಿ ಬೇಕು.

ತಾಮ್ರದ ಕೇಬಲ್: ಶಕ್ತಿ ಮತ್ತು ಮಿತಿ

ತಿರುಚಿದ ನಾಲ್ಕು ಜೋಡಿ ತಾಮ್ರದ ಎಳೆಗಳ ಈಥರ್ನೆಟ್ ಕೇಬಲ್ ಕಟ್ಟಡದ ಒಳಗೆ ಅತ್ಯುತ್ತಮ. ಕ್ಯಾಟ್-5ಇ ಕೇಬಲ್ 100 ಮೀಟರ್‌ವರೆಗೆ ಒಂದು ಗಿಗಾಬಿಟ್ ವೇಗ ನೀಡುತ್ತದೆ. ಈ ಮಾನದಂಡ 1999ರಲ್ಲೇ ರೂಪುಗೊಂಡಿತು. ಕ್ಯಾಟ್-6 ಕೂಡ ಅದೇ ದೂರಕ್ಕೆ ಗಿಗಾಬಿಟ್ ಕೊಡುತ್ತದೆ. 100 ಮೀಟರ್ ದೂರಕ್ಕೆ 10 ಗಿಗಾಬಿಟ್ ಬೇಕಿದ್ದರೆ ಕ್ಯಾಟ್-6ಎ ಅಗತ್ಯ. ಈ 100 ಮೀಟರ್‌ನಲ್ಲಿ ಗೋಡೆಯೊಳಗಿನ ಸ್ಥಿರ ಕೇಬಲ್‌ಗೆ 90 ಮೀಟರ್, ಎರಡೂ ತುದಿಗಳ ಬಿಡಿ ಕೇಬಲ್‌ಗಳಿಗೆ ಒಟ್ಟು 10 ಮೀಟರ್ ಎಂಬ ಹಂಚಿಕೆ ಇದೆ.

ಖರೀದಿಯ ವೇಳೆ ಎಚ್ಚರ ಬೇಕು. ಅಗ್ಗದ ದರಕ್ಕೆ ಮಾರುವ ಕೇಬಲ್‌ಗಳಲ್ಲಿ ಹಲವು ತಾಮ್ರ ಲೇಪಿಸಿದ ಅಲ್ಯೂಮಿನಿಯಂ ಎಳೆಗಳವು. ಅವು ಈಥರ್ನೆಟ್ ಮಾನದಂಡಕ್ಕೆ ಒಪ್ಪುವುದಿಲ್ಲ, ಬೇಗ ಮುರಿಯುತ್ತವೆ. ಅವುಗಳ ಮೂಲಕ ಕ್ಯಾಮೆರಾಗಳಿಗೆ ವಿದ್ಯುತ್ ಹರಿಸಿದರೆ ಹೆಚ್ಚು ಬಿಸಿಯಾಗುತ್ತವೆ. ಎಳೆಯ ಮೇಲ್ಮೈಯನ್ನು ಬ್ಲೇಡಿನಿಂದ ಕೆರೆದಾಗ ಒಳಗೆ ಬೆಳ್ಳಗೆ ಕಂಡರೆ ಅದು ಅಲ್ಯೂಮಿನಿಯಂ ಎಂದೇ ಅರ್ಥ. ಪೆಟ್ಟಿಗೆಯ ಮೇಲೆ ಸಿಸಿಎ ಎಂಬ ಅಕ್ಷರಗಳಿದ್ದರೂ ಹಾಗೆಯೇ. ಮನೆಯೊಳಗಿನ ಬಳಕೆಗೆಂದು ತಯಾರಾದ ಬೂದುಬಣ್ಣದ ಕೇಬಲ್ ಹೊರಗಿನ ಬಿಸಿಲಿಗೆ ಸಿಪ್ಪೆ ಬಿರಿದು, ಮಳೆಗಾಲದಲ್ಲಿ ಒಳಗೆ ನೀರು ಇಳಿಸಿಕೊಳ್ಳುತ್ತದೆ.

ಸಿಡಿಲಿನ ಲೆಕ್ಕ

ತಾಮ್ರದ ನಿಜವಾದ ಸಮಸ್ಯೆ ದೂರವಲ್ಲ. ರಾಜ್ಯದಲ್ಲಿ ಮುಂಗಾರಿಗೆ ಮುನ್ನ, ಏಪ್ರಿಲ್-ಮೇ ತಿಂಗಳ ಸಂಜೆಗಳಲ್ಲಿ, ಮತ್ತೆ ಹಿಂಗಾರಿನ ಹೊತ್ತಿಗೆ ಅಕ್ಟೋಬರ್ ಸುಮಾರಿನಲ್ಲಿ ಗುಡುಗು ಸಿಡಿಲಿನ ಹಾವಳಿ ಹೆಚ್ಚು. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ಪ್ರಕಾರ ದೇಶದಲ್ಲಿ 2022ರಲ್ಲಿ ಸಿಡಿಲಿಗೆ ಬಲಿಯಾದವರು 2,887 ಮಂದಿ. ಸುಟ್ಟುಹೋದ ಟಿ.ವಿ., ಮೋಡೆಮ್, ಕಂಪ್ಯೂಟರ್‌ಗಳು ಈ ಲೆಕ್ಕದಲ್ಲಿ ಬರುವುದಿಲ್ಲ.

ಸಿಡಿಲು ನೇರವಾಗಿ ಮನೆಯ ಮೇಲೆಯೇ ಬೀಳಬೇಕೆಂದಿಲ್ಲ. ಹತ್ತಿರದ ತೆಂಗಿನ ಮರಕ್ಕೆ ಬಡಿದ ಸಿಡಿಲಿನ ಪ್ರವಾಹ ನೆಲದೊಳಗೆ ಹರಡುವಾಗ ಆ ಭಾಗದ ನೆಲದ ವಿದ್ಯುತ್ ಮಟ್ಟವೇ ಕ್ಷಣಕಾಲ ಮೇಲೇರುತ್ತದೆ. ಉದಾಹರಣೆಗೆ 1,000 ಆಂಪಿಯರ್ ಪ್ರವಾಹ 10 ಓಮ್ ರೋಧವಿರುವ ಅರ್ಥಿಂಗ್ ಮೂಲಕ ಇಳಿಯಿತು ಎಂದುಕೊಳ್ಳೋಣ. ಶಾಲೆಯಲ್ಲಿ ಕಲಿತ ಓಮ್‌ನ ನಿಯಮದಂತೆ ಅಲ್ಲಿನ ಮಟ್ಟ 10,000 ವೋಲ್ಟ್ ಏರುತ್ತದೆ. ಸಿಡಿಲಿನ ಪೂರ್ಣ ಪ್ರವಾಹ ಹತ್ತಾರು ಸಾವಿರ ಆಂಪಿಯರ್‌ಗಳಷ್ಟಿರುವುದರಿಂದ ಇದು ಸಣ್ಣ ಪಾಲಿನ ಲೆಕ್ಕ ಮಾತ್ರ.

ಈಗ ಒಂದು ಕಟ್ಟಡದ ನೆಲ 10,000 ವೋಲ್ಟ್ ಮೇಲಿದೆ, 50 ಮೀಟರ್ ಆಚೆಯ ಇನ್ನೊಂದು ಕಟ್ಟಡದ ನೆಲ ಅಷ್ಟು ಏರಿಲ್ಲ. ಎರಡನ್ನೂ ಸೇರಿಸಿರುವ ಸಲೀಸಾದ ಲೋಹದ ದಾರಿಗಳಲ್ಲಿ ನೆಟ್‌ವರ್ಕ್ ಕೇಬಲ್ ಒಂದು. ಈಥರ್ನೆಟ್ ಸಾಧನದ ಒಳಗೆ ರಕ್ಷಣೆಗಾಗಿ ಪುಟ್ಟ ಟ್ರಾನ್ಸ್‌ಫಾರ್ಮರ್ ಇರುತ್ತದೆ. ಅದು ತಡೆಯಬೇಕೆಂದು ಮಾನದಂಡ ವಿಧಿಸಿರುವ ಮಟ್ಟ 1,500 ವೋಲ್ಟ್. ಅದರ ಹಲವು ಪಟ್ಟು ಒತ್ತಡ ಬಂದಾಗ ರೂಟರ್, ಸ್ವಿಚ್, ಕಂಪ್ಯೂಟರಿನ ಮದರ್‌ಬೋರ್ಡ್ ಎರಡೂ ಕಡೆ ಒಟ್ಟಿಗೇ ಸುಡುತ್ತವೆ. ಆ ಕ್ಷಣದಲ್ಲಿ ಲ್ಯಾಪ್‌ಟಾಪ್ ಮೇಲೆ ಕೈಯಿಟ್ಟಿರುವ ವ್ಯಕ್ತಿಗೂ ಅಪಾಯ ತಪ್ಪಿದ್ದಲ್ಲ.

ಗುಡುಗು ಕೇಳಿದೊಡನೆ ಪ್ಲಗ್ ಕಿತ್ತಿಡುವ ರೂಢಿ ನಮ್ಮ ಮನೆಗಳಲ್ಲಿದೆ. ಅದು ಒಳ್ಳೆಯದೇ. ಆದರೆ ವಿದ್ಯುತ್ ಪ್ಲಗ್ ತೆಗೆದು ನೆಟ್‌ವರ್ಕ್ ಕೇಬಲ್ ಅಂಟಿಸಿಯೇ ಬಿಟ್ಟರೆ ರಕ್ಷಣೆ ಅರ್ಧ ಮಾತ್ರ. ಮೇಲಾಗಿ ಕಿತ್ತಿಡುವ ಕೆಲಸ ಮೋಡ ಕಟ್ಟುವಾಗಲೇ ಆಗಬೇಕು, ಸಿಡಿಲು ಬಡಿಯುತ್ತಿರುವಾಗ ತಂತಿ ಮುಟ್ಟಲೇಬಾರದು. ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ಸಂಸ್ಥೆ ರೂಪಿಸಿದ ದಾಮಿನಿ ಎಂಬ ಮೊಬೈಲ್ ಆ್ಯಪ್ ಸುತ್ತಮುತ್ತಲಿನ ಸಿಡಿಲಿನ ಮುನ್ನೆಚ್ಚರಿಕೆ ನೀಡುತ್ತದೆ.

ಕೇಬಲ್‌ನ ಎರಡೂ ತುದಿಗೆ ಸರ್ಜ್ ಅರೆಸ್ಟರ್ ಹಾಕುವ ಮಾರ್ಗವೂ ಇದೆ. ಅದು ಆಘಾತವನ್ನು ನೆಲಕ್ಕೆ ಇಳಿಸುವ ಸಾಧನ. ಆದ್ದರಿಂದ ಒಳ್ಳೆಯ ಅರ್ಥಿಂಗ್ ಇಲ್ಲದ ಕಟ್ಟಡದಲ್ಲಿ ಅದು ಹೆಸರಿಗೆ ಮಾತ್ರ ಇದ್ದಂತೆ. ಈಗಾಗಲೇ ತಾಮ್ರ ಎಳೆದಾಗಿದ್ದು ಬದಲಿಸಲು ಸಾಧ್ಯವಿಲ್ಲದವರು ಅರ್ಹ ಎಲೆಕ್ಟ್ರಿಷಿಯನ್ ಮೂಲಕ ಎರಡೂ ಕಟ್ಟಡಗಳ ಅರ್ಥಿಂಗ್ ಪರೀಕ್ಷಿಸಿ, ಬಳಿಕವಷ್ಟೇ ಅರೆಸ್ಟರ್ ಅಳವಡಿಸಬೇಕು.

ಗಾಜಿನ ಎಳೆಯ ಪರಿಹಾರ

ಗಾಜು ವಿದ್ಯುತ್ ವಾಹಕವಲ್ಲ. ಆಪ್ಟಿಕಲ್ ಫೈಬರ್‌ನಲ್ಲಿ ಹರಿಯುವುದು ಬೆಳಕು. ಒಂದು ಕಟ್ಟಡದ ನೆಲ ಎಷ್ಟೇ ವೋಲ್ಟ್ ಏರಲಿ, ಇನ್ನೊಂದಕ್ಕೆ ಆ ದಾರಿಯಿಂದ ಏನೂ ದಾಟುವುದಿಲ್ಲ. ಶುದ್ಧ ಗಾಜಿನ ಮೂಲಕ ಬೆಳಕನ್ನು ದೂರಕ್ಕೆ ಕಳುಹಿಸಬಹುದೆಂದು 1966ರಲ್ಲಿ ತೋರಿಸಿಕೊಟ್ಟ ಚಾರ್ಲ್ಸ್ ಕಾವೋ ಅವರಿಗೆ 2009ರಲ್ಲಿ ಭೌತಶಾಸ್ತ್ರದ ನೊಬೆಲ್ ಪ್ರಶಸ್ತಿ ಸಂದಿತು. ಬೀದಿಯ ಕಂಬದಿಂದ ಮನೆಗೆ ಅಂತರ್ಜಾಲ ತರುವ ತೆಳ್ಳನೆಯ ಕಪ್ಪು ಕೇಬಲ್‌ನೊಳಗೆ ಇರುವುದೂ ಇದೇ ಗಾಜು. ಅದರಲ್ಲಿನ ತಿರುಳಿನ ವ್ಯಾಸ ಸುಮಾರು 9 ಮೈಕ್ರಾನ್, ಹೊರಗಾಜು ಸೇರಿ 125 ಮೈಕ್ರಾನ್.

ಮನೆಯ ಬಳಕೆಗೆ ಇದು ದುಬಾರಿ, ನಾಜೂಕು ಎಂಬ ಭಾವನೆ ಒಂದು ಕಾಲಕ್ಕೆ ಸರಿಯಾಗಿತ್ತು. ಮನೆಮನೆಗೆ ಫೈಬರ್ ಸಂಪರ್ಕ ಬಂದ ಮೇಲೆ ಕೇಬಲ್, ಜೋಡಣೆ ಸಾಧನಗಳು ಹಾಗೂ ಕೆಲಸಗಾರರು ತಾಲ್ಲೂಕು ಕೇಂದ್ರಗಳಲ್ಲೂ ದೊರೆಯುವಂತಾಗಿದೆ. ಊರಿನ ಕೇಬಲ್ ಆಪರೇಟರ್ ಬಳಿ ಗಾಜನ್ನು ಬೆಸೆಯುವ ಸ್ಪ್ಲೈಸಿಂಗ್ ಯಂತ್ರ ಇರುವುದು ಈಗ ಸಾಮಾನ್ಯ.

ಬೇಕಾಗುವ ಸಾಮಗ್ರಿ ಹೆಚ್ಚಿಲ್ಲ. ಸಿಂಗಲ್ ಮೋಡ್ ಫೈಬರ್ ಕೇಬಲ್, ಎರಡೂ ತುದಿಗೆ ಒಂದೊಂದು ಮೀಡಿಯಾ ಕನ್ವರ್ಟರ್, ಅವುಗಳಿಂದ ರೂಟರ್ ಹಾಗೂ ಸ್ವಿಚ್‌ಗೆ ಒಂದೊಂದು ಗಿಡ್ಡ ತಾಮ್ರದ ಕೇಬಲ್. ಮೀಡಿಯಾ ಕನ್ವರ್ಟರ್ ವಿದ್ಯುತ್ ಸಂಕೇತವನ್ನು ಬೆಳಕಾಗಿಯೂ ಬೆಳಕನ್ನು ವಿದ್ಯುತ್ ಸಂಕೇತವಾಗಿಯೂ ಬದಲಿಸುವ ಪುಟ್ಟ ಪೆಟ್ಟಿಗೆ. ಒಂದೇ ಎಳೆಯಲ್ಲಿ ಎರಡೂ ದಿಕ್ಕಿನ ಸಂವಹನ ನಡೆಸುವ ಕನ್ವರ್ಟರ್‌ಗಳು ಎ ಮತ್ತು ಬಿ ಎಂಬ ಜೋಡಿಯಾಗಿ ಬರುತ್ತವೆ. ಒಂದು 1310 ನ್ಯಾನೊಮೀಟರ್ ಬೆಳಕಿನಲ್ಲಿ ಕಳುಹಿಸಿದರೆ ಇನ್ನೊಂದು 1550ರಲ್ಲಿ ಕಳುಹಿಸುತ್ತದೆ. ಎರಡೂ ಒಂದೇ ಬಗೆಯವಾದರೆ ಸಂಪರ್ಕ ಏರ್ಪಡುವುದೇ ಇಲ್ಲ. ಅಗ್ಗದ ಕನ್ವರ್ಟರ್‌ಗಳ ವೇಗ 100 ಎಂಬಿಪಿಎಸ್‌ಗೆ ಸೀಮಿತವಾಗಿರುತ್ತದೆ. ಗಿಗಾಬಿಟ್ ಬೇಕಿದ್ದವರು ಪೆಟ್ಟಿಗೆಯ ಮೇಲೆ 10/100/1000 ಎಂಬ ಅಂಕಿ ಇರುವುದನ್ನು ಖಚಿತಪಡಿಸಿಕೊಳ್ಳಬೇಕು.

ಕನೆಕ್ಟರ್‌ನ ಬಣ್ಣವೂ ಮುಖ್ಯ. ನೀಲಿ ಬಣ್ಣದ್ದರ ತುದಿ ನೇರವಾಗಿಯೂ ಹಸಿರು ಬಣ್ಣದ್ದರ ತುದಿ ಓರೆಯಾಗಿಯೂ ಉಜ್ಜಿರುತ್ತದೆ. ನೀಲಿಗೆ ನೀಲಿ, ಹಸಿರಿಗೆ ಹಸಿರು ಮಾತ್ರ ಕೂಡಿಸಬೇಕು. ಬೆರೆಸಿದರೆ ಸಂಕೇತ ಕ್ಷೀಣಿಸುವುದಲ್ಲದೆ ತುದಿಗಳೂ ಹಾಳಾಗುತ್ತವೆ.

ಫೈಬರ್ ಆಯ್ದುಕೊಂಡರೂ ಲೋಹ ನುಸುಳಬಾರದು ಎಂಬುದು ಹೆಚ್ಚಿನವರು ಮರೆಯುವ ಸಂಗತಿ. ಕಂಬಗಳಲ್ಲಿ ತೂಗುಬಿಡುವ ಕೇಬಲ್‌ನ ಪಕ್ಕದಲ್ಲಿ ಭಾರ ಹೊರಲು ಉಕ್ಕಿನ ತಂತಿ ಇರುತ್ತದೆ. ಕೆಲವು ಕೇಬಲ್‌ಗಳಿಗೆ ಉಕ್ಕಿನ ಕವಚವೇ ಇರುತ್ತದೆ. ಅಂತಹವನ್ನು ಹಾಗೆಯೇ ಒಳಗೆ ತಂದರೆ ಗಾಜಿನ ಲಾಭ ಕೈತಪ್ಪುತ್ತದೆ. ಉಕ್ಕಿನ ಬದಲು ಎಫ್‌ಆರ್‌ಪಿ ಎಂಬ ಲೋಹರಹಿತ ಕಡ್ಡಿ ಇರುವ ಕೇಬಲ್ ಕೇಳಿ ಪಡೆಯಬೇಕು. ತೂಗುಕೇಬಲ್ ಅನಿವಾರ್ಯವಾದರೆ ಉಕ್ಕಿನ ತಂತಿಯನ್ನು ಗೋಡೆಯ ಹೊರಗೇ ಬೇರ್ಪಡಿಸಿ ಕಟ್ಟಿ, ಫೈಬರ್ ಇರುವ ಭಾಗವನ್ನಷ್ಟೇ ಒಳಗೆ ತರಬೇಕು.

ಕೆಲಸದ ವೇಳೆ ಎರಡು ಎಚ್ಚರಿಕೆ ಅಗತ್ಯ. ಫೈಬರ್‌ನಲ್ಲಿ ಹರಿಯುವ ಅವಕೆಂಪು ಬೆಳಕು ಕಣ್ಣಿಗೆ ಕಾಣುವುದಿಲ್ಲ. ಆದ್ದರಿಂದ ಉರಿಯುತ್ತಿದೆಯೇ ಎಂದು ತುದಿಯಲ್ಲಿ ಕಣ್ಣಿಟ್ಟು ನೋಡಕೂಡದು. ಕತ್ತರಿಸಿದ ಗಾಜಿನ ಚೂರುಗಳು ಕೂದಲಿನಷ್ಟು ತೆಳುವಾಗಿದ್ದು ಚರ್ಮದೊಳಗೆ ಹೊಕ್ಕರೆ ತೆಗೆಯುವುದು ಕಷ್ಟ. ಅವನ್ನು ಟೇಪಿಗೆ ಅಂಟಿಸಿ, ಡಬ್ಬಿಯಲ್ಲಿ ಹಾಕಿ ಎಸೆಯಬೇಕು. ಮಕ್ಕಳನ್ನು ದೂರವಿಡಬೇಕು.

ನೆಲದಡಿಯೋ, ಗಾಳಿಯಲ್ಲೋ?

ಸಾಧ್ಯವಿದ್ದಲ್ಲಿ ನೆಲದಡಿಯ ದಾರಿಯೇ ಮೇಲು. ಒಂದೂವರೆ ಅಡಿಯಿಂದ ಎರಡಡಿ ಆಳದ ಕಾಲುವೆ ತೋಡಿ, ದಪ್ಪ ಎಚ್‌ಡಿಪಿಇ ಪೈಪಿನೊಳಗೆ ಕೇಬಲ್ ಹಾಯಿಸಬೇಕು. ಬರಿಯ ಕೇಬಲನ್ನು ಮಣ್ಣಿನಲ್ಲಿ ಹೂಳಿದರೆ ಹೆಗ್ಗಣ ಕಡಿಯುತ್ತದೆ, ಇಲ್ಲವೇ ತೋಟದ ಕೆಲಸದಲ್ಲಿ ಗುದ್ದಲಿ ತಾಗುತ್ತದೆ. ಪೈಪಿನ ಮೇಲೆ ಅರ್ಧ ಮಣ್ಣು ತುಂಬಿದ ಬಳಿಕ ಎಚ್ಚರಿಕೆಯ ಬಣ್ಣದ ಪಟ್ಟಿ ಹಾಸಿದರೆ ಮುಂದೆ ಅಗೆಯುವವರಿಗೆ ಸುಳಿವು ಸಿಗುತ್ತದೆ. ವಾಹನ ಹಾದುಹೋಗುವ ಕಡೆ ಆಳ ಹೆಚ್ಚಿರಲಿ.

ವಿದ್ಯುತ್ ಕೇಬಲ್ ಇರುವ ಪೈಪಿನಲ್ಲೇ ನೆಟ್‌ವರ್ಕ್ ಕೇಬಲ್ ತೂರಿಸುವುದು ತಪ್ಪು. ತಾಮ್ರವಾದರೆ ಸಂಕೇತಕ್ಕೂ ಧಕ್ಕೆ, ದುರಸ್ತಿ ಮಾಡುವವರ ಜೀವಕ್ಕೂ ಅಪಾಯ. ಫೈಬರ್‌ಗೆ ವಿದ್ಯುತ್ ಕೇಬಲ್‌ನ ಬಾಧೆ ಇಲ್ಲವಾದರೂ ಬೇರೆ ಪೈಪೇ ಇರಬೇಕು, ನಡುವೆ ಒಂದಡಿ ಅಂತರವಿರಬೇಕು. ಪೈಪಿನ ತಿರುವುಗಳು ಚೂಪಾಗಿರದೆ ದುಂಡಗಿರಲಿ. ಗಾಜನ್ನು ಹೆಚ್ಚು ಬಗ್ಗಿಸಿದರೆ ಬೆಳಕು ಹೊರಸೋರುತ್ತದೆ. ಒಂದು ಎಳೆ ಸಾಕಾಗುವ ಕಡೆ ಎರಡು ಅಥವಾ ನಾಲ್ಕು ಎಳೆಗಳ ಕೇಬಲ್ ಹಾಕುವುದು, ಪೈಪಿನೊಳಗೆ ಒಂದು ನೈಲಾನ್ ಹಗ್ಗ ಉಳಿಸುವುದು ಜಾಣತನ. ಕಾಲುವೆ ತೋಡುವ ಕೂಲಿಗೆ ಹೋಲಿಸಿದರೆ ಹೆಚ್ಚುವರಿ ಎಳೆಯ ವೆಚ್ಚ ಅಲ್ಪ.

ಗಾಳಿಯಲ್ಲಿ ಎಳೆಯುವುದಾದರೆ ವಿದ್ಯುತ್ ಇಲಾಖೆಯ ಕಂಬವನ್ನಾಗಲೀ ಮನೆಗೆ ಬರುವ ಸರ್ವಿಸ್ ವೈರನ್ನಾಗಲೀ ಆಸರೆ ಮಾಡಿಕೊಳ್ಳಬಾರದು. ತೆಂಗಿನ ಗರಿ ಬೀಳುವ ಜಾಗ, ಹುಲ್ಲು ತುಂಬಿದ ಲಾರಿ ಬರುವ ದಾರಿ ಇವುಗಳನ್ನು ಗಮನಿಸಿ ಎತ್ತರ ನಿಗದಿಪಡಿಸಬೇಕು. ಎರಡು ಕಟ್ಟಡಗಳ ನಡುವೆ ಸಾರ್ವಜನಿಕ ರಸ್ತೆ ಇದ್ದರೆ ಅದನ್ನು ಅಗೆಯಲು ಸ್ಥಳೀಯ ಸಂಸ್ಥೆಯ ಅನುಮತಿ ಬೇಕು.

ನಿಸ್ತಂತು ಸೇತುವೆ

ಅಗೆಯಲೂ ಆಗದ, ಎಳೆಯಲೂ ಆಗದ ಸ್ಥಳಗಳಿಗೆ ಪಾಯಿಂಟ್-ಟು-ಪಾಯಿಂಟ್ ಎಂಬ ನಿಸ್ತಂತು ಸೇತುವೆ ಇದೆ. ಎರಡೂ ಕಟ್ಟಡಗಳ ಹೊರಗೋಡೆಯ ಮೇಲೆ ಪರಸ್ಪರ ಎದುರಾಗಿ ಒಂದೊಂದು ದಿಕ್ಕುಬದ್ಧ ಆಂಟೆನಾ ಕೂರಿಸಲಾಗುತ್ತದೆ. ಸಾಮಾನ್ಯ ವೈಫೈ ಸುತ್ತಲೂ ಹರಡುವ ಶಕ್ತಿಯನ್ನು ಇದು ಒಂದೇ ದಿಕ್ಕಿಗೆ ಹಾಯಿಸುತ್ತದೆ. ದೇಶದಲ್ಲಿ 2.4 ಗಿಗಾಹರ್ಟ್ಸ್ ಪಟ್ಟಿಯ ಇಂತಹ ಬಳಕೆಗೆ 2005ರಲ್ಲಿ ಪರವಾನಗಿಯಿಂದ ವಿನಾಯಿತಿ ನೀಡಲಾಯಿತು. 5 ಗಿಗಾಹರ್ಟ್ಸ್ ಪಟ್ಟಿಯ ವಿನಾಯಿತಿಯನ್ನು 2018ರ ಅಕ್ಟೋಬರ್‌ನಲ್ಲಿ ಹೊರಾಂಗಣಕ್ಕೂ ವಿಸ್ತರಿಸಲಾಯಿತು. ಅನುಮೋದಿತ ಸಾಧನವನ್ನು ನಿಗದಿತ ಶಕ್ತಿಯ ಮಿತಿಯೊಳಗೆ ಬಳಸಬೇಕೆಂಬುದು ಷರತ್ತು.

ಈ ಸಾಧನಗಳಿಗೆ ಪರಸ್ಪರ ನೇರ ನೋಟ ಬೇಕು. ನೋಟ ಎಂದರೆ ದಾರದಷ್ಟು ಸಣ್ಣ ಗೆರೆಯಲ್ಲ. ರೇಡಿಯೊ ತರಂಗ ಸಾಗುವ ದಾರಿ ನಡುವೆ ಉಬ್ಬಿದ ಸೌತೆಕಾಯಿಯ ಆಕಾರದಲ್ಲಿರುತ್ತದೆ. 5.8 ಗಿಗಾಹರ್ಟ್ಸ್‌ನಲ್ಲಿ 100 ಮೀಟರ್ ಅಂತರಕ್ಕೆ ಅದರ ಮಧ್ಯಭಾಗದ ತ್ರಿಜ್ಯ ಸುಮಾರು 1.1 ಮೀಟರ್. ಗೆರೆಯ ಸುತ್ತ ಕನಿಷ್ಠ 0.7 ಮೀಟರ್ ಖಾಲಿ ಇರಬೇಕು. ಬೇಸಿಗೆಯಲ್ಲಿ ಜೋಡಿಸಿದ ಸೇತುವೆ ಮಳೆಗಾಲದಲ್ಲಿ ಕೈಕೊಡುವುದು ಇದೇ ಕಾರಣದಿಂದ. ಚಿಗುರಿ ಬೆಳೆದ ಕೊಂಬೆ, ಗಾಳಿಗೆ ಓಲಾಡುವ ಅಡಿಕೆ ಮರ, ನೀರು ತುಂಬಿದ ಎಲೆ ಇವೆಲ್ಲ ತರಂಗವನ್ನು ನುಂಗುತ್ತವೆ. ನೂರು ಮೀಟರ್ ದೂರಕ್ಕೆ ಬರಿಯ ಮಳೆಯಿಂದ ಹೇಳಿಕೊಳ್ಳುವಂತಹ ತೊಂದರೆ ಇಲ್ಲ, ಒದ್ದೆ ಎಲೆಗಳಿಂದಲೇ ತೊಂದರೆ.

ಸೇತುವೆಯು ಎರಡು ಕಟ್ಟಡಗಳನ್ನು ಲೋಹದಿಂದ ಜೋಡಿಸುವುದಿಲ್ಲವಾದ್ದರಿಂದ ನೆಲದ ಮಟ್ಟದ ವ್ಯತ್ಯಾಸದ ಸಮಸ್ಯೆ ಇಲ್ಲಿಲ್ಲ. ಆದರೆ ಎತ್ತರದ ಕಬ್ಬಿಣದ ಕೊಳವೆಗೆ ಕಟ್ಟಿದ ಆಂಟೆನಾ ಹಾಗೂ ಅದರಿಂದ ಒಳಬರುವ ತಾಮ್ರದ ಕೇಬಲ್ ಸಿಡಿಲಿಗೆ ತೆರೆದುಕೊಂಡಿರುತ್ತವೆ. ಸೂರಿನ ಅಡಿಯಲ್ಲಿ, ಆದಷ್ಟು ತಗ್ಗಿನಲ್ಲಿ ಕೂರಿಸುವುದು ಲೇಸು.

ವಿದ್ಯುತ್ ತಂತಿಯ ಮೂಲಕ

ಮನೆಯ ವಿದ್ಯುತ್ ವೈರಿಂಗ್ ಮೂಲಕವೇ ದತ್ತಾಂಶ ಹಾಯಿಸುವ ಪವರ್‌ಲೈನ್ ಅಡಾಪ್ಟರ್‌ಗಳೂ ಲಭ್ಯ. ಹೊರಕಟ್ಟಡಕ್ಕೆ ಮನೆಯ ಮೀಟರಿನಿಂದಲೇ, ಅದೇ ಫೇಸ್‌ನಲ್ಲಿ ವಿದ್ಯುತ್ ಹೋಗಿದ್ದರೆ ಇವು ಕೆಲಸ ಮಾಡಬಹುದು. ಪ್ರತ್ಯೇಕ ಮೀಟರ್ ಇದ್ದರೆ ಭರವಸೆ ಇಡುವಂತಿಲ್ಲ. ಸರ್ಜ್ ರಕ್ಷಕವಿರುವ ಪ್ಲಗ್ ಪಟ್ಟಿಗಳು ಈ ಸಂಕೇತವನ್ನೇ ಸೋಸಿಬಿಡುವುದರಿಂದ ಅಡಾಪ್ಟರನ್ನು ನೇರ ಗೋಡೆಯ ಸಾಕೆಟ್‌ಗೆ ಹಾಕಬೇಕು. ಪಂಪು, ಮಿಕ್ಸಿ ಚಾಲೂ ಆದಾಗ ವೇಗ ಕುಸಿಯುವುದೂ ಉಂಟು. ಮರಳಿಸುವ ಅವಕಾಶವಿದ್ದರೆ ಮಾತ್ರ ಕೊಂಡು ಪರೀಕ್ಷಿಸಬಹುದಾದ ಮಾರ್ಗ ಇದು.

ಆಚೆ ತುದಿಯ ರೂಟರ್

ಸಂಪರ್ಕ ಕಚೇರಿ ಮುಟ್ಟಿದ ಮೇಲೆ ಅಲ್ಲಿ ವೈಫೈ ಬಿತ್ತರಿಸಲು ಒಂದು ಸಾಧನ ಬೇಕು. ಮನೆಯಲ್ಲಿದ್ದ ಹಳೆಯ ರೂಟರನ್ನೇ ಹಲವರು ಅಲ್ಲಿಡುತ್ತಾರೆ. ಅದನ್ನು ಹಾಗೆಯೇ ಜೋಡಿಸಿದರೆ ಒಂದರೊಳಗೊಂದು ಎರಡು ಜಾಲಗಳು ಹುಟ್ಟುತ್ತವೆ. ಅಂತರ್ಜಾಲವೇನೋ ಬರುತ್ತದೆ, ಆದರೆ ಮನೆಯ ಲ್ಯಾಪ್‌ಟಾಪಿಗೆ ಕಚೇರಿಯ ಪ್ರಿಂಟರ್ ಕಾಣುವುದಿಲ್ಲ.

ಪರಿಹಾರ ಸರಳ. ಎರಡನೆಯ ರೂಟರಿನಲ್ಲಿ ಆಕ್ಸೆಸ್ ಪಾಯಿಂಟ್ ಎಂಬ ಆಯ್ಕೆ ಇದ್ದರೆ ಅದನ್ನು ಆರಿಸಬೇಕು. ಇಲ್ಲವಾದರೆ ಸಾಧನಗಳಿಗೆ ವಿಳಾಸ ಹಂಚುವ ಡಿಎಚ್‌ಸಿಪಿ ಸೇವೆಯನ್ನು ಅದರಲ್ಲಿ ಸ್ಥಗಿತಗೊಳಿಸಬೇಕು. ಮನೆಯ ರೂಟರಿನ ವಿಳಾಸ 192.168.1.1 ಆಗಿದ್ದರೆ ಇದಕ್ಕೆ 192.168.1.2 ಎಂದು ಕೊಡಬಹುದು. ಆ ಸಂಖ್ಯೆ ಮೊದಲ ರೂಟರ್ ಹಂಚುವ ವಿಳಾಸಗಳ ಪಟ್ಟಿಯ ಹೊರಗಿರಬೇಕು. ಮನೆಯಿಂದ ಬಂದ ಕೇಬಲನ್ನು ವ್ಯಾನ್ ಎಂದು ಬರೆದ ಕಿಂಡಿಗಲ್ಲ, ಲ್ಯಾನ್ ಕಿಂಡಿಗೆ ಜೋಡಿಸಬೇಕು. ಎರಡೂ ಕಡೆ ವೈಫೈ ಹೆಸರು ಹಾಗೂ ಗುಪ್ತಪದ ಒಂದೇ ಇಟ್ಟು ಚಾನಲ್ ಬೇರೆ ಮಾಡಿದರೆ ಅಂಗಳ ದಾಟುವಾಗ ಮೊಬೈಲು ತಾನಾಗಿ ಹತ್ತಿರದ ಸಾಧನಕ್ಕೆ ಬದಲಾಗುತ್ತದೆ. ಮೇಜಿನ ಮೇಲಿನ ಕಂಪ್ಯೂಟರಿಗೆ ಮಾತ್ರ ಕೇಬಲ್ ಮೂಲಕವೇ ಸಂಪರ್ಕ ಕೊಡುವುದು ಉತ್ತಮ.

ಮನೆಗೂ ಕಚೇರಿಗೂ ನಡುವೆ ಒಂದು ಗೋಡೆ

ಕಕ್ಷಿದಾರರ ಕಡತ, ರೋಗಿಗಳ ವಿವರ, ಗ್ರಾಹಕರ ತೆರಿಗೆ ಲೆಕ್ಕ ಇರುವ ಕಂಪ್ಯೂಟರೂ ಮಕ್ಕಳು ಆಟ ಇಳಿಸಿಕೊಳ್ಳುವ ಮೊಬೈಲೂ ಒಂದೇ ಜಾಲದಲ್ಲಿರುವುದು ಕ್ಷೇಮವಲ್ಲ. ಒಂದೇ ಫೈಬರ್ ಮೇಲೆ ಎರಡು ಪ್ರತ್ಯೇಕ ಜಾಲಗಳನ್ನು ಹಾಯಿಸುವ ವಿಎಲ್‌ಎಎನ್ ವ್ಯವಸ್ಥೆ ಇದಕ್ಕಾಗಿಯೇ ಇದೆ. ಅದನ್ನು ಬೆಂಬಲಿಸುವ ರೂಟರ್ ಹಾಗೂ ಸ್ವಿಚ್ ಬೇಕು. ಕಚೇರಿಗೆ ಬರುವವರಿಗೆ ಅತಿಥಿ ವೈಫೈ ಕೊಡುವುದಾದರೆ ಒಂದು ಸೂಕ್ಷ್ಮ ತಿಳಿದಿರಲಿ. ಆಕ್ಸೆಸ್ ಪಾಯಿಂಟ್ ಸ್ಥಿತಿಯಲ್ಲಿ ಹಲವು ಅಗ್ಗದ ರೂಟರ್‌ಗಳ ಅತಿಥಿ ಜಾಲ ಹೆಸರಿಗಷ್ಟೇ ಬೇರೆ, ಒಳಗೆ ಮನೆಯ ಸಾಧನಗಳೆಲ್ಲ ಕಾಣುತ್ತಿರುತ್ತವೆ. ಅತಿಥಿ ಜಾಲಕ್ಕೆ ಸೇರಿ ಮುಖ್ಯ ರೂಟರಿನ ಪುಟ ತೆರೆಯುತ್ತದೆಯೇ ಎಂದು ಒಮ್ಮೆ ಪರೀಕ್ಷಿಸಿದರೆ ಸತ್ಯ ತಿಳಿಯುತ್ತದೆ. ವೈಫೈಗೆ ಡಬ್ಲ್ಯುಪಿಎ-2 ಅಥವಾ ಡಬ್ಲ್ಯುಪಿಎ-3 ಭದ್ರತೆ ಇರಲಿ. ರೂಟರಿನೊಂದಿಗೆ ಬಂದ ಮೂಲ ಗುಪ್ತಪದವನ್ನು ಮೊದಲ ದಿನವೇ ಬದಲಿಸಬೇಕು.

ಕರೆಂಟು ಹೋದಾಗ

ಗಾಜಿನಲ್ಲಿ ವಿದ್ಯುತ್ ಹರಿಯದಿರುವುದೇ ಅದರ ಒಂದು ಅನನುಕೂಲ. ಆಚೆ ತುದಿಯ ಕನ್ವರ್ಟರ್, ಸ್ವಿಚ್, ಆಕ್ಸೆಸ್ ಪಾಯಿಂಟ್‌ಗಳಿಗೆ ಅಲ್ಲಿಯೇ ವಿದ್ಯುತ್ ಬೇಕು. ಕಚೇರಿಯಲ್ಲಿ ಯುಪಿಎಸ್ ಇದ್ದು ಮನೆಯ ರೂಟರಿಗೆ ಇಲ್ಲದಿದ್ದರೆ ಸಂಪರ್ಕ ನಿಂತಂತೆಯೇ. ಸರಪಳಿಯ ಪ್ರತಿ ಪೆಟ್ಟಿಗೆಗೂ ಬದಲಿ ವಿದ್ಯುತ್ ಇರಬೇಕು. ಇವು ಬಳಸುವ ವಿದ್ಯುತ್ ಅತ್ಯಲ್ಪವಾದ್ದರಿಂದ ರೂಟರಿಗೆಂದೇ ಸಿಗುವ ಸಣ್ಣ ಯುಪಿಎಸ್ ಸಾಕು. ವೋಲ್ಟೇಜ್ ಹೊಂದುವುದನ್ನು ಮಾತ್ರ ನೋಡಿಕೊಳ್ಳಬೇಕು. ಕನ್ವರ್ಟರ್‌ಗಳಲ್ಲಿ ಹಲವು 5 ವೋಲ್ಟಿನವು, ರೂಟರ್‌ಗಳಲ್ಲಿ ಹೆಚ್ಚಿನವು 12 ವೋಲ್ಟಿನವು.

ಫೈಬರ್ ಹಾಕಿದ ಮಾತ್ರಕ್ಕೆ ಸಿಡಿಲಿನ ಭಯ ಪೂರ್ತಿ ನೀಗಿತು ಎಂದಲ್ಲ. ವಿದ್ಯುತ್ ಮಾರ್ಗದಿಂದ ಬರುವ ಆಘಾತ ಹಾಗೆಯೇ ಉಳಿಯುತ್ತದೆ. ಅದಕ್ಕೆ ಎರಡೂ ಕಟ್ಟಡಗಳ ವಿದ್ಯುತ್ ಹಲಗೆಯಲ್ಲಿ ಸರ್ಜ್ ರಕ್ಷಕ ಹಾಗೂ ಭಾರತೀಯ ಮಾನಕ ಐಎಸ್ 3043 ಹೇಳುವಂತಹ ಸರಿಯಾದ ಅರ್ಥಿಂಗ್ ಬೇಕು. ಅಂಗಳದ ಕಂಬಕ್ಕೆ ಹಾಕಿದ ಸಿಸಿಟಿವಿ ಕ್ಯಾಮೆರಾದ ತಾಮ್ರದ ಕೇಬಲ್ ಕೂಡ ಸಿಡಿಲಿಗೆ ತೆರೆದ ಬಾಗಿಲೇ.

ದೋಷ ಪತ್ತೆ ಹೇಗೆ?

ಸಂಪರ್ಕ ನಿಂತಾಗ ಮನೆಯ ಕಡೆಯಿಂದ ಆರಂಭಿಸಿ ಒಂದೊಂದೇ ಹೆಜ್ಜೆ ಮುಂದೆ ಹೋಗಬೇಕು. ಮುಖ್ಯ ರೂಟರಿಗೆ ಲ್ಯಾಪ್‌ಟಾಪ್ ಜೋಡಿಸಿದಾಗ ಅಂತರ್ಜಾಲ ಬಂದರೆ ದೋಷ ಆಚೆಗಿದೆ. ಕನ್ವರ್ಟರ್‌ನ ಫೈಬರ್ ದೀಪ ಆರಿದ್ದರೆ ಎಳೆ ತುಂಡಾಗಿದೆ, ಕನೆಕ್ಟರ್‌ಗೆ ಧೂಳು ಕೂತಿದೆ ಅಥವಾ ಎದುರಿನ ಕನ್ವರ್ಟರಿಗೆ ವಿದ್ಯುತ್ ಇಲ್ಲ. ಗಿಗಾಬಿಟ್ ಬರಬೇಕಾದಲ್ಲಿ ಸರಿಯಾಗಿ 100 ಎಂಬಿಪಿಎಸ್‌ಗೆ ನಿಂತರೆ ತಾಮ್ರದ ಕೇಬಲ್‌ನ ನಾಲ್ಕು ಜೋಡಿಗಳಲ್ಲಿ ಒಂದು ಕಡಿದಿರುವ ಸಾಧ್ಯತೆ ಹೆಚ್ಚು. ಸಂಪರ್ಕ ಇದ್ದೂ ಕೆಲವು ಸಾಧನಗಳಿಗೆ ಮಾತ್ರ ಅಂತರ್ಜಾಲ ಸಿಗದಿದ್ದರೆ ಎರಡು ರೂಟರ್‌ಗಳೂ ವಿಳಾಸ ಹಂಚುತ್ತಿವೆಯೇ ಎಂದು ನೋಡಬೇಕು.

ಎರಡನೆಯ ಸಂಪರ್ಕ ಪಡೆಯಬಾರದೇ?

ಕಚೇರಿಗೆ ನೇರವಾಗಿ ಇನ್ನೊಂದು ಫೈಬರ್ ಸಂಪರ್ಕ ಪಡೆಯುವುದೂ ಒಪ್ಪತಕ್ಕ ದಾರಿಯೇ. ಬೇರೆ ಕಂಪನಿಯದ್ದಾದರೆ ಒಂದು ಕೈಕೊಟ್ಟಾಗ ಇನ್ನೊಂದು ಆಸರೆಯಾಗುತ್ತದೆ, ಮನೆ ಹಾಗೂ ಕಚೇರಿಯ ಜಾಲಗಳು ತಾವಾಗಿ ಬೇರೆಯಾಗುತ್ತವೆ. ಪ್ರತಿ ತಿಂಗಳ ಶುಲ್ಕ ಹಾಗೂ ಪ್ರಿಂಟರ್, ಕ್ಯಾಮೆರಾ, ಸಂಗ್ರಹ ಸಾಧನಗಳನ್ನು ಹಂಚಿಕೊಳ್ಳಲಾಗದಿರುವುದು ಇದರ ಕೊರತೆ. ಅಂತರ್ಜಾಲವಷ್ಟೇ ಬೇಕಿರುವವರಿಗೆ ಇದು ಸಾಕು. ಒಂದೇ ಜಾಲ ಬೇಕಿರುವವರಿಗೆ ಒಮ್ಮೆ ಮಾಡುವ ಫೈಬರ್ ವೆಚ್ಚವೇ ಅಗ್ಗ.

ಯಾವ ಮಾರ್ಗ ಹಿಡಿದರೂ ಕೆಲಸ ಮುಗಿದ ದಿನವೇ ಒಂದು ನಕ್ಷೆ ಬರೆದಿಡಬೇಕು. ಪೈಪ್ ಯಾವ ಗೋಡೆಯಿಂದ ಎಷ್ಟು ದೂರದಲ್ಲಿ, ಎಷ್ಟು ಆಳದಲ್ಲಿ ಹಾದಿದೆ, ಯಾವ ಪೆಟ್ಟಿಗೆಗೆ ಯಾವ ವಿಳಾಸ ಕೊಡಲಾಗಿದೆ ಎಂಬ ವಿವರ ಅದರಲ್ಲಿರಲಿ. ಅದರ ಒಂದು ಪ್ರತಿ ಮನೆಯಲ್ಲೂ ಇನ್ನೊಂದು ಕಚೇರಿಯಲ್ಲೂ ಇರಲಿ. ಮುಂದಿನ ಬಾರಿ ಅಂಗಳ ಅಗೆಯುವವರಿಗೂ ದುರಸ್ತಿಗೆ ಬರುವವರಿಗೂ ಮೊದಲು ಬೇಕಾಗುವುದು ಅದೇ ಹಾಳೆ.